ಫೋನಿಗೆ ಬಂದ ಭಂಡಾರ

"ನಾ ಯಾರ ಮುಂದ ಯಾವಾಗ ಕೈ ಒಡ್ಡೀನಿ?"

ಪೆಂಟಮ್ಮ ಕೇಳಿದ್ದು ತಮ್ಮನ ಮಗ ಅಂಜನಕುಮಾರನನ್ನಲ್ಲ. ಅವನ ಟೈಪಿಂಗ್ ಅಂಗಡಿಯ ಗೋಡೆಗೆ ಒರಗಿಸಿಟ್ಟ ಮದುವೆ ಫ್ಲೆಕ್ಸಿನಲ್ಲಿ ನಗುತ್ತ ನಿಂತಿದ್ದ ಮದುಮಕ್ಕಳನ್ನೂ ಅಲ್ಲ. ನಾರಾಯಣಪೇಟೆಯ ಬೆಳಗಿನ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು. ಆ ಬಿಸಿಲಿಗೆ ಕೇಳಿದಳೋ, ಮೇಲಿನ ಮೈಲಾರನಿಗೆ ಕೇಳಿದಳೋ, ಅವಳಿಗೇ ತಿಳಿದಿರಲಿಲ್ಲ.

"ಅತ್ತಿ, ಮೊದಲ ಕುಂದ್ರು. ಚಾ ತರಸ್ತೀನಿ."

"ಚಾ ಬ್ಯಾಡ. ಇದರಾಗ ಏನ್ ಹೊಕ್ಕೈತಿ ನೋಡು." ಸೆರಗಿನ ಗಂಟಿನಿಂದ ಫೋನು ತೆಗೆದು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದಂತೆ ಎರಡು ಬೆರಳಲ್ಲಿ ಹಿಡಿದು ಮೇಜಿನ ಮೇಲಿಟ್ಟಳು.

ನಡೆದದ್ದನ್ನು ಅವಳು ತುಂಡುತುಂಡಾಗಿ ಹೇಳಿದಳು. ಉಟ್ಕೂರಿನಲ್ಲಿ ನಿನ್ನೆ ಬೆಳಿಗ್ಗೆ ಪಕ್ಕದ ಮನೆಯ ಬಾಲಯ್ಯ ಗೋಡೆಯಾಚೆಯಿಂದ, "ಏನವ್ವ, ದವಾಖಾನಿಯಿಂದ ಯಾವಾಗ ಬಂದಿ?" ಎಂದು ಕೇಳಿದ. ಯಾವ ದವಾಖಾನೆ ಎಂದರೆ ಅವನು ತನ್ನ ಫೋನು ತೋರಿಸಿದ. ಪೆಂಟಮ್ಮನ ನಂಬರಿನಿಂದಲೇ, ಪೆಂಟಮ್ಮನ ಫೋಟೋ ಹಚ್ಚಿಕೊಂಡೇ ಮಾತು ಬಂದಿತ್ತು: ಕರ್ನೂಲಿನ ದವಾಖಾನೆಯಲ್ಲಿ ಬಿದ್ದಿದ್ದೇನೆ, ಕೈಯಲ್ಲಿ ಏನೂ ಇಲ್ಲ, ನಿಮ್ಮ ಕಾಲು ಹಿಡಿಯುತ್ತೇನೆ, ಇಷ್ಟು ರೊಕ್ಕ ಕಳಿಸಿ. ಹೀಗೆ ಬೀಗರಿಗೆ ಹೋಗಿತ್ತು, ಕಂಬಳಿ ಕೊಳ್ಳುವವರಿಗೆ ಹೋಗಿತ್ತು, ಕುರಿ ದಲಾಲಿಗೂ ಹೋಗಿತ್ತು. ಕೆಲವರು ಕಳಿಸಿದರು. ಕಳಿಸದವರು, ಪೆಂಟಮ್ಮನಿಗೂ ಇಂಥ ಕಾಲ ಬಂತಲ್ಲ ಎಂದು ಬಾಯಿಗೆ ಕೈ ಹಚ್ಚಿಕೊಂಡರು.

ಅವಳಿಗೆ ಚುಚ್ಚಿದ್ದು ಆ ಕೊನೆಯ ಮಾತು. ಗಂಡ ಕುರಿಯ ಹಿಂದೆ ಹೊಳೆದಂಡೆಗೆ ಹೋದವನು ಹಾವು ಕಡಿದು ಅಲ್ಲೇ ಉಳಿದಾಗ ಪೆಂಟಮ್ಮನಿಗೆ ಇನ್ನೂ ತಲೆ ನರೆತಿರಲಿಲ್ಲ. ಅಂದಿನಿಂದ ಕುರಿ ಕಾದಳು, ಉಣ್ಣೆ ನೂತಳು, ತಾಯಿಯಿಲ್ಲದ ಅಂಜನಕುಮಾರನನ್ನು 'ಅಂಜಿ' ಎಂದು ಕರೆಯುತ್ತ ತನ್ನ ಮಡಿಲಲ್ಲೇ ದೊಡ್ಡವನನ್ನಾಗಿ ಮಾಡಿದಳು. ಒಲೆ ಆರಿದರೆ ಪಕ್ಕದ ಮನೆಯಿಂದ ಕೆಂಡ ತಂದವಳಲ್ಲ, ಮಜ್ಜಿಗೆಗೆಂದು ತಂಬಿಗೆ ಹಿಡಿದವಳಲ್ಲ. ಅವಳಿಗೆ ಹೊಲವಿರಲಿಲ್ಲ, ಮಾಳಿಗೆ ಮನೆಯಿರಲಿಲ್ಲ. ಇದ್ದದ್ದು ಈ ಒಂದು ಹೆಸರು. ಅದನ್ನೀಗ ಯಾರೋ ಊರೂರಿಗೆ ಒಯ್ದು, ಸೆರಗೊಡ್ಡಿ ನಿಲ್ಲಿಸಿದ್ದರು.

ಅಂಜನಕುಮಾರ ಫೋನು ತೆರೆದ. ಕಳ್ಳ ಹೊಕ್ಕ ಬಾಗಿಲು ಹುಡುಕುವುದು ಅವನಿಗೆ ಕಷ್ಟವಿರಲಿಲ್ಲ. ಆದರೆ ಬಾಗಿಲು ಸಿಕ್ಕಾಗ ಅವನ ಬೆರಳು ನಿಂತುಬಿಟ್ಟಿತು.

ಪರದೆಯ ಮೇಲೆ ಅರಿಷಿಣದ ಹುಡಿ ಮಳೆಯಂತೆ ಉದುರುತ್ತಿತ್ತು. ಕೆಳಗೆ ಮೂರು ಸಾಲು: "ಬೀರಪ್ಪನ ಗುಡಿಯಿಂದ ಭಂಡಾರ ಬಂದೈತಿ. ಹಣೆಗೆ ಹಚ್ಚಿಕೊಂಡು ಒಪ್ಪಿಗೆ ಒತ್ತಿರಿ. ಐದು ಮನೆಗೆ ಮುಟ್ಟಿಸಿರಿ." ಹಿಂದಿನಿಂದ ಗದ್ವಾಲದ ಜಂಬಪ್ಪ ಪೂಜಾರಿಯ ದನಿ ಏಳುಕೋಟಿಯ ಉಘೇ ಹೇಳಿ, ಹರಸಿ, ಕೊನೆಗೆ ಸಣ್ಣಗೆ ಕೆಮ್ಮುತ್ತಿತ್ತು.

ಆ ಮೂರು ಸಾಲು ಅಂಜನಕುಮಾರನೇ ಬರೆದದ್ದು. ಆ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟವನೂ ಅವನೇ.

"ಇದು ಬಂದ ದಿನ ನಾ ಕಣ್ಣಿಗೆ ಒತ್ತಿಕೊಂಡೆ," ಎಂದಳು ಪೆಂಟಮ್ಮ. "ಅದೇನೋ ಕೇಳ್ತು, ಹೂಂ ಅಂತ ಒತ್ತಿದೆ. ಭಂಡಾರ ಬಂದ್ರ ಬ್ಯಾಡ ಅನ್ನಾಕ ಬರ್ತೈತೇನು?"

*

ಬ್ಯಾಡ ಅನ್ನಲು ಬರುವುದಿಲ್ಲ. ಅದೇ ಅಂಜನಕುಮಾರನ ಲೆಕ್ಕವಾಗಿತ್ತು.

ಕುರುಬರ ಮನೆಯ ಕೂಸಿಗೂ ತಿಳಿದ ಮಾತಿದು. ಭಂಡಾರ ಎದುರು ಬಂದರೆ ಕೊಡುವ ಕೈ ಯಾರದೆಂದು ನೋಡುವಂತಿಲ್ಲ. ಹಗೆಯವನು ಕೊಟ್ಟರೂ ಕೈ ಒಡ್ಡಬೇಕು, ಚಿಟಿಕೆ ಹಣೆಗಿಟ್ಟು ಉಳಿದದ್ದನ್ನು ಪಕ್ಕದವನಿಗೆ ದಾಟಿಸಬೇಕು. ತನ್ನಲ್ಲೇ ಕಟ್ಟಿಟ್ಟುಕೊಂಡರೆ ಅದು ಬರೇ ಅರಿಷಿಣ, ದಾಟಿದರೆ ದೇವರು. ಡೊಳ್ಳಿನ ಹಿಂದೆ ಕೂತು ಪದ ಕೇಳುತ್ತ ಬೆಳೆದ ಅಂಜನಕುಮಾರನಿಗೆ ಇದನ್ನು ಯಾರೂ ಕಲಿಸಬೇಕಿರಲಿಲ್ಲ.

ಅವನು ಈ ಕೆಲಸಕ್ಕೆ ಬಿದ್ದದ್ದು ಅಕ್ಷರದ ದಾರಿಯಿಂದ. ಕನ್ನಡ, ತೆಲುಗು ಎರಡನ್ನೂ ತಪ್ಪಿಲ್ಲದೆ ಟೈಪು ಮಾಡಬಲ್ಲವನು. ಟೆಲಿಗ್ರಾಮಿನ ಒಂದು ಗುಂಪಿನಲ್ಲಿ 'ಮೇಸ್ತ್ರಿ' ಎನ್ನುವವನೊಬ್ಬ ಸಿಕ್ಕ. ಅವನಿಗೆ ಮುಖವಿಲ್ಲ, ಊರಿಲ್ಲ. ಮೊದಮೊದಲು ಅವನು ಕೇಳಿದ್ದು ಕರೆಂಟ್ ಬಿಲ್ಲಿನ ಎಚ್ಚರಿಕೆಯಂಥ ಒಂದು ಬರಹ, ಪಾರ್ಸಲ್ ಬಂದಿದೆ ಎನ್ನುವ ಇನ್ನೊಂದು. ಬರೆದದ್ದಕ್ಕೆ ಕೂಲಿ ಬಂತು. ಏತಕ್ಕೆಂದು ಅಂಜನಕುಮಾರ ಕೇಳಲಿಲ್ಲ. ಗೊತ್ತಿಲ್ಲದವನು ಕೇಳುತ್ತಾನೆ, ಗೊತ್ತಾದವನು ಸುಮ್ಮನಿರುತ್ತಾನೆ.

ಆಮೇಲೆ ಒಂದೊಂದೇ ತಿಳಿಯಿತು. ಅವರು 'ಸಾಮಾನು' ಎನ್ನುತ್ತಿದ್ದದ್ದು ಯಾವುದೋ ದೇಶದಲ್ಲಿ ಯಾರೋ ಬರೆದ ಒಂದು ಕಳ್ಳ ಪ್ರೋಗ್ರಾಮು. ಫೋನಿಗೆ ಹೊಕ್ಕರೆ ಹೆಸರು, ನಂಬರು, ಫೋಟೋ, ಪಾಸ್‌ವರ್ಡು, ಬ್ಯಾಂಕಿನಿಂದ ಬರುವ ಓಟಿಪಿ, ಎಲ್ಲವನ್ನೂ ಸದ್ದಿಲ್ಲದೆ ಹೊರಗೆ ಸಾಗಿಸುತ್ತದೆ. ಬರೆದವನು ತಾನು ಕದಿಯುವುದಿಲ್ಲ, ತಿಂಗಳ ಬಾಡಿಗೆಗೆ ಬಿಡುತ್ತಾನೆ. ಬಾಡಿಗೆ ಹಿಡಿದವನು ಹರಡುವುದಿಲ್ಲ, ಹರಡಲು ಆಳು ಇಡುತ್ತಾನೆ. ಕದ್ದದ್ದನ್ನು ಮೂಟೆ ಕಟ್ಟಿ ಮಾರುವವನು ಬೇರೆ, ಆ ಮೂಟೆ ಕೊಂಡು ಯಾರ ಮನೆ ಬೀಗ ಯಾವ ಕೀಲಿಗೆ ತೆರೆಯುತ್ತದೆಂದು ನೋಡುವವನು ಬೇರೆ. ಒಂದು ಕಳವಿಗೆ ಇಷ್ಟು ಕೈ. ನನ್ನದೇನು ಮಹಾ, ಮೂರು ಸಾಲು ಬರೆದೆ ಎಂದು ಅಂಜನಕುಮಾರ ಅಂದುಕೊಳ್ಳುತ್ತಿದ್ದ.

ಸಾಮಾನು ಒಂದೇ ರೂಪದಲ್ಲಿ ನಿಲ್ಲುತ್ತಲೂ ಇರಲಿಲ್ಲ. ಮೊದಲು ಬರೆದವನಿಗೂ ಅವನ ಪಾಲುದಾರನಿಗೂ ಜಗಳವಾಗಿ ಅದರ ಒಳಗುಟ್ಟೆಲ್ಲ ಬೀದಿಗೆ ಬಿತ್ತಂತೆ. ಸಿಕ್ಕವರೆಲ್ಲ ಎತ್ತಿಕೊಂಡರು. ಒಬ್ಬ ಅದಕ್ಕೆ ಓಟಿಪಿ ಓದಲು ಕಲಿಸಿದ, ಇನ್ನೊಬ್ಬ ಒಳಗೆ ಹೊಕ್ಕಮೇಲೆ ಮೈ ಮರೆಸಿಕೊಳ್ಳಲು ಕಲಿಸಿದ, ಮತ್ತೊಬ್ಬ ಹೆಸರು ಬದಲಿಸಿ ತನ್ನದೇ ಎಂದು ಮಾರಿದ. ಫೋನಿನ ಕಾವಲು ಒಂದು ರೂಪವನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದು ರೂಪ ಬರುತ್ತಿತ್ತು. ಕದ್ದ ಕುರಿಯ ಕಿವಿಗುರುತನ್ನು ಮತ್ತೊಮ್ಮೆ ಕೊಯ್ದು ಸಂತೆಗೆ ಹೊಡೆಯುವ ಕಳ್ಳರ ಕಥೆಯನ್ನು ಪೆಂಟಮ್ಮ ಅವನಿಗೆ ಸಣ್ಣವನಿದ್ದಾಗ ಹೇಳಿದ್ದಳು. ಅದೇ ಕಸುಬು, ಕುರಿ ಮಾತ್ರ ಬೇರೆ.

ಹರಡಲು ಹೊಸ ಉಪಾಯ ಬೇಕು ಎಂದು ಮೇಸ್ತ್ರಿ ಕೇಳಿದಾಗ ಅಂಜನಕುಮಾರನಿಗೆ ಭಂಡಾರ ಹೊಳೆಯಿತು. ಹೊಳೆದ ಗಳಿಗೆಯಲ್ಲಿ ಹೆಮ್ಮೆಯೇ ಆಯಿತು. ಒಂದೇ ಷರತ್ತು ಹಾಕಿದ್ದ: ಇದು ತುಂಗಭದ್ರೆಯ ಆಚೆ ಮಾತ್ರ. ನಮ್ಮ ಕಡೆ, ನಮ್ಮ ಜನಕ್ಕೆ ಬೇಡ. "ಸರೇ ತಮ್ಮುಡೂ," ಎಂದು ಮೇಸ್ತ್ರಿ ತೆಲುಗಿನಲ್ಲಿ ತಮ್ಮನೆಂದು ಕರೆದು ಒಪ್ಪಿದ್ದ. ಆಚೆಯವರೂ ಯಾರದೋ ಅತ್ತೆ, ಯಾರದೋ ತಾತ ಎಂಬುದನ್ನು ಅಂಜನಕುಮಾರ ಆಗ ನೆನೆಯಲಿಲ್ಲ.

ಈಗ ಅತ್ತೆಗೆ ಬೆನ್ನು ಮಾಡಿ ಕೂತು ಮೇಸ್ತ್ರಿಗೆ ಬರೆದ: ಮಾತು ಕೊಟ್ಟು ಯಾಕೆ ತಪ್ಪಿದಿರಿ? ಇದನ್ನು ನಿಲ್ಲಿಸಿ.

ಉತ್ತರ ಕೂಡಲೇ ಬಂತು, ನಗುವ ಮುಖದ ಗುರುತಿನೊಂದಿಗೆ. ಇದು ನಮ್ಮದಲ್ಲ ತಮ್ಮುಡೂ. ನಮ್ಮದು ಹಳೆಯ ಸಾಮಾನು, ಇದು ಹೊಸದು. ಇದು ತಾನೇ ಫೋನಿನೊಳಗಿನ ನಂಬರಿಗೆಲ್ಲ ಮುಂದೆ ಹೋಗುತ್ತದೆ, ನಮ್ಮದಕ್ಕೆ ಆ ವಿದ್ಯೆ ಇಲ್ಲ. ಹಿಂದೆ ಗುಂಪಿನಲ್ಲಿ ಯಾರೋ ಸಾಮಾನನ್ನು ಪುಕ್ಕಟೆ ಇಟ್ಟಿದ್ದರಲ್ಲ, ನೀನು ಇಳಿಸಿಕೊಂಡೆಯಾ?

ಇಳಿಸಿಕೊಂಡಿದ್ದ. ಮೇಸ್ತ್ರಿಯ ಹಂಗಿಲ್ಲದೆ ತಾನೇ ಕಲಿಯಬಹುದೇನೋ ಎಂದು ಒಂದು ಮಧ್ಯಾಹ್ನ ಅಂಗಡಿಯ ಕಂಪ್ಯೂಟರಿಗೆ ಹಾಕಿ ನೋಡಿದ್ದ.

ಹಂಗಾದರೆ ಅದರೊಳಗೆ ಇನ್ನೊಬ್ಬನ ಸಾಮಾನು ಇತ್ತು, ಎಂದು ಬರೆದ ಮೇಸ್ತ್ರಿ. ಕಳ್ಳರಿಗೆ ಪುಕ್ಕಟೆ ಕೊಡುವವನು ಕಳ್ಳರನ್ನೇ ಕದಿಯುತ್ತಾನೆ. ನಿನ್ನ ಕಂಪ್ಯೂಟರಿನಲ್ಲಿದ್ದ ಬರಹ, ನಿನ್ನ ಮುದುಕನ ದನಿ ಎಲ್ಲ ಅವನ ಪಾಲಾಗಿದೆ. ಯಾರವನು ಎಂದು ನನಗೂ ಗೊತ್ತಿಲ್ಲ. ಅವನಿಂದ ಇನ್ನೂ ನಾಲ್ಕು ಕೈಗೆ ಹೋಗಿರಬೇಕು. ಭಂಡಾರ ಮಾತ್ರ ಭಾರಿ ಓಡ್ತಿದೆ ತಮ್ಮುಡೂ, ಭೇಷ್.

"ಏನ್ ಅಂತಾರೋ ಅಂಜಿ?" ಎಂದಳು ಪೆಂಟಮ್ಮ ಹಿಂದಿನಿಂದ.

"ಏನಿಲ್ಲ ಅತ್ತಿ. ತೆಗದೀನಿ. ಇನ್ನ ನಿನ್ನ ಫೋನ್ ಸಾಫ್ ಐತಿ."

"ಫೋನ್ ಸಾಫ್ ಆತು. ಮಂದಿ ಬಾಯಿ?" ಎದ್ದು ಸೆರಗು ಬಿಗಿದಳು. "ನಡಿ. ಮಕ್ತಲಕ್ಕ ಹೋಗೂಣು. ಯಾರ್ಯಾರ ಮುಂದ ನನ್ನ ಹೆಸರಲೆ ಬೇಡ್ಯಾರೋ ಅವರವರ ಮುಂದ ನಿಂತು ಹೇಳಿ ಬರ್ತೀನಿ."

*

ಮಕ್ತಲದಲ್ಲಿ ಶಿವಬಸಮ್ಮನದು ಕಿರಾಣಿ ಅಂಗಡಿ. ಪೆಂಟಮ್ಮನ ಕಂಬಳಿಗಳನ್ನು ಕೊಂಡು ಮಾರುವವಳೂ ಅವಳೇ. ಬೆಲ್ಲ ತೂಗುತ್ತಿದ್ದವಳು ತಲೆ ಎತ್ತಿ ನೋಡಿ, ತಕ್ಕಡಿ ಕೆಳಗಿಟ್ಟಳು.

"ಬಾರವ್ವ ಬಾ! ದವಾಖಾನಿಯಿಂದ ಬಂದಾಕಿ ಎಷ್ಟು ಗಟ್ಟಿಮುಟ್ಟು ಅದಾಳ ನೋಡ್ರಿ. ಕರ್ನೂಲ್ ಡಾಕ್ಟರನ ಕೈಗುಣ ಚಲೋ ಐತಿ ಬಿಡು."

"ನಾ ಕರ್ನೂಲಿಗೆ ಹೋಗೇ ಇಲ್ಲ ಅಕ್ಕ."

"ಮತ್ತ ನನ್ನ ಕಾಲು ಹಿಡಿದಾಕಿ ಯಾರು? ನಿನ್ನ ಸವತಿಯೇನು?"

ಅಂಗಡಿಯ ಮುಂದಿನವರು ನಕ್ಕರು. ಪೆಂಟಮ್ಮ ನಗಲಿಲ್ಲ. "ನನ್ನ ಹೆಸರು ಹಿಡಿದು ಕಳ್ಳರು ಬೇಡ್ಯಾರ. ಅಂಜಿ ನೋಡ್ಯಾನ, ಬೇಕಾದ್ರ ಕೇಳು. ನೀ ಕಳಿಸಿದ್ದು ನಾ ಮುಟ್ಟಸ್ತೀನಿ. ಆದ್ರ ಬೇಡಿದಾಕಿ ನಾ ಅಲ್ಲ, ಅಷ್ಟ ತಿಳಕೋ."

ಶಿವಬಸಮ್ಮನ ಮುಖದ ತಮಾಷೆ ಇಳಿಯಿತು. ಗಿರಾಕಿಗೆ ಬೆಲ್ಲ ಕಟ್ಟಿಕೊಟ್ಟು ಕಳಿಸಿ ಮೆಲ್ಲಗೆ ಹೇಳಿದಳು. "ಮುಟ್ಟಸಬ್ಯಾಡ, ಅದಕ್ಕ ಬೆಂಕಿ ಹಚ್ಚು. ಪೆಂಟಮ್ಮ, ಖರೇ ಹೇಳ್ತೀನಿ. ನೀ ಕೇಳಿದಿ ಅಂದಾಗ ನನಗ ಸಂತೋಷ ಆಗಿತ್ತು. ಇಷ್ಟು ವರ್ಷದಾಗ ನನ್ನ ಮನಿ ನೀರು ಸೈತ ಬ್ಯಾಡ ಅಂದಾಕಿ, ಕಷ್ಟ ಬಂದಾಗ ನನ್ನ ನೆನಸಿದ್ಲಲ್ಲ ಅಂತ. ಅದೂ ಸುಳ್ಳೇನು?"

ಪೆಂಟಮ್ಮ ಕಲ್ಲಿನ ಮೆಟ್ಟಿಲ ಮೇಲೆ ಕೂತಳು. ಅಂಜನಕುಮಾರ ನೆಲ ನೋಡಿದ. ಕಳ್ಳರು ಮೂಟೆ ಕಟ್ಟುವಾಗ ಇಂಥದ್ದೂ ಅದರೊಳಗೆ ಹೋಗುತ್ತದೆಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಶಿವಬಸಕ್ಕ, ನಿಮ್ಮ ಫೋನಿಗೂ ಭಂಡಾರ ಬಂದೈತೇನ್ರಿ?"

"ಬಂದೈತಲ್ಲಪ್ಪ, ನಿಮ್ಮತ್ತಿ ನಂಬರಿಂದನ ಬಂದಿತ್ತು. ಐದು ಮನಿ ಎಲ್ಲಿ, ನಾ ಐಜದಾಗಿನ ತವರುಮನಿ ಮಂದಿಗೆಲ್ಲ ಕಳಿಸೀನಿ. ಮೈಲಾರ ಎಲ್ಲಾರಿಗೂ ಮೈಲಾರನ."

"ಕೊಡ್ರಿ, ತಗದುಬಿಡ್ತೀನಿ. ಕಳ್ಳರ ಬಾಗಿಲು ಅದು."

ಅವಳು ಫೋನನ್ನು ಎದೆಗೆ ಒತ್ತಿಕೊಂಡಳು. "ಏ, ಹುಚ್ಚೇನೋ ನಿನಗ? ಭಂಡಾರ ಕಸಕ್ಕ ಹಾಕ್ತೀಯಾ? ಜಂಬಪ್ಪನವರ ದನಿ ಐತಿ ಅದರಾಗ. ಅವರು ಕಳ್ಳರೇನು?"

"ದನಿ ಅವರದ. ಕಳಿಸಿದವರು ಅವರಲ್ರಿ."

"ನಿನ್ನ ಮಾತ ನಂಬಾಕ ನೀ ಯಾವ ದೊಡ್ಡ ಸ್ವಾಮಿ? ಜಂಬಪ್ಪನವರ ಬಾಯಿಂದನ ಬರಲಿ, ಇದು ಸುಳ್ಳು ಅಂತ. ಅವಾಗ ನಾ ತಗೀತೀನಿ, ನಮ್ಮ ತವರಿನವರೂ ತಗೀತಾರ. ಅಲ್ಲೀತನ ಮುಟ್ಟಿದ್ರ ನೋಡು!"

ಅವಳೇನೋ ಗದರಿಸಿದಳು, ಅಂಜನಕುಮಾರನಿಗೆ ಅದರಲ್ಲೇ ದಾರಿ ಕಂಡಿತು. ಜಂಬಪ್ಪನ ದನಿಯಿಂದ ಹೋದದ್ದು ಜಂಬಪ್ಪನ ದನಿಯಿಂದಲೇ ನಿಲ್ಲಬೇಕು. ಒಂದು ಮಾತು ಹೇಳಿಸಿ ಫೋನಿಗೆ ಬಿಟ್ಟರೆ ಸಂಜೆಯೊಳಗೆ ಎಲ್ಲ ಹಳ್ಳಿಗೆ ಮುಟ್ಟೀತು. ಇನ್ನಷ್ಟು ಮನೆ ಹಾಳಾಗುವುದು ನಿಂತೀತು. ಪೆಂಟಮ್ಮ ಬೇಡಿದವಳಲ್ಲ ಎಂಬುದೂ ಅದರ ಜೊತೆಗೇ ಹೋದೀತು.

"ನೀ ಗದ್ವಾಲಕ್ಕ ಹೋಗಿ ಬಾ," ಎಂದಳು ಪೆಂಟಮ್ಮ. "ನಾ ಇಲ್ಲಿ ಉಳದ ಮನೀಗೆ ಹೋಗಿ ಹೇಳ್ತೀನಿ." ಆಮೇಲೆ, ಎಂದೂ ಮಾಡದವಳು, ಅವನ ತೋಳು ಸವರಿದಳು. "ನೀ ಇಲ್ಲದಿದ್ರ ನನಗ ಈ ಫೋನಿನ ಮಾಯೆ ತಿಳೀತಿತ್ತೇನೋ? ಪುಣ್ಯಾ ಮಾಡೀನಿ ನಿನ್ನ ಸಾಕಾಕ."

ಅವನು ಬಸ್ಸಿನ ಕಡೆಗೆ ಓಡಿದಂತೆ ನಡೆದ.

ಜೂರಾಲದ ಹತ್ತಿರ ಕೃಷ್ಣೆ ಕಂಡಾಗ ಬಸ್ಸಿನಲ್ಲಿ ಕೆಲವರು ಕೈ ಮುಗಿದರು. ಹಿಂದಿನ ಸೀಟಿನಲ್ಲಿ ಕಂಬಳಿ ಹೊದ್ದವನೊಬ್ಬ ಫೋನು ತೆರೆದ. ಜಂಬಪ್ಪನ ಉಘೇ ಮೊಳಗಿತು, ಕೊನೆಯ ಕೆಮ್ಮೂ ಕೇಳಿತು. ಪಕ್ಕದ ಮುದುಕಿ, "ನನಗೂ ಕೊಡಪ್ಪ," ಎಂದು ತನ್ನ ಫೋನು ಚಾಚಿದಳು. ಅಂಜನಕುಮಾರ ಎದ್ದು ನಿಂತ. ಏನೆಂದು ಹೇಳುವುದು? ನಿನ್ನ ದೇವರು ಕಳ್ಳ ಎನ್ನಲೇ? ಬಸ್ಸು ತಿರುವಿನಲ್ಲಿ ವಾಲಿತು, ಅವನು ಮತ್ತೆ ಕೂತುಬಿಟ್ಟ. ಇಳಿಯುವವರೆಗೂ ಕೂತೇ ಇದ್ದ.

*

ಗದ್ವಾಲದ ಊರಂಚಿನ ಬೀರಪ್ಪನ ಗುಡಿಯಂಗಳದಲ್ಲಿ ಜಂಬಪ್ಪ ಡೊಳ್ಳಿನ ಹಗ್ಗ ಬಿಗಿಯುತ್ತ ಕೂತಿದ್ದ. ಒಂದು ಮೊಣಕಾಲು ಮಡಚಲು ಬಾರದೆ ಮುಂದಕ್ಕೆ ಚಾಚಿತ್ತು. ಅವನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ತನ್ನ ದನಿ ಊರೂರು ಸುತ್ತುತ್ತಿರುವುದು ಅವನಿಗೆ ಗೊತ್ತಿರಲಿಲ್ಲ.

"ಬಾರೋ ಅಂಜಿ. ಉಂಡು ಬಂದಿಯೋ, ಉಣ್ಣಾಕ ಬಂದಿಯೋ?"

"ತಾತ, ಒಂದು ತಪ್ಪು ಮಾಡೀನಿ."

"ಒಂದ? ಹಂಗಾದ್ರ ನೀನ ನಮ್ಮ ಕುಲದಾಗ ಚಲೋ ಮನುಷ್ಯಾ."

ಅಂಜನಕುಮಾರ ಎಲ್ಲ ಹೇಳಿದ. ಮೇಸ್ತ್ರಿಯನ್ನು ಹೇಳಿದ, ಕಳ್ಳರ ಕೈಯಿಂದ ಕಳ್ಳರ ಕೈಗೆ ಹೋಗುತ್ತ ರೂಪ ಬದಲಿಸುವ ಸಾಮಾನನ್ನು ಹೇಳಿದ, ಪೆಂಟಮ್ಮ ಮನೆಮನೆಯ ಮುಂದೆ ನಿಂತು ನಾ ಬೇಡಿಲ್ಲ ಎನ್ನುತ್ತಿರುವುದನ್ನು ಹೇಳಿದ. ಆಮೇಲೆ ಫೋನಿನಿಂದ ಆ ದನಿ ಕೇಳಿಸಿದ. ಜಂಬಪ್ಪ ತನ್ನ ಕೆಮ್ಮನ್ನು ಕೇಳಿ ಹುಬ್ಬು ಗಂಟಿಕ್ಕಿದ. ಡೊಳ್ಳಿನ ಹಗ್ಗ ಅವನ ಕೈಯಲ್ಲೇ ಸಡಿಲಾಯಿತು.

"ಇದನ್ನ ಯಾವಾಗ ಹಿಡಕೊಂಡಿ?"

"ನನ್ನ ಅಂಗಡಿ ಪೂಜೆಗೆ ನೀವು ಬಂದಿದ್ರಲ್ಲ, ಅವತ್ತ."

"ಎದಕ್ಕ ಹಿಡಕೊಂಡಿದ್ದಿ?"

"ಕೇಳಾಕ, ತಾತ. ಖರೇನ ಕೇಳಾಕ. ಮೊದಮೊದಲ ದಿನಾ ಅಂಗಡಿ ಬಾಗಿಲು ತಗದ ಕೂಡಲೆ ಕೇಳ್ತಿದ್ದೆ."

"ಹೂಂ." ಮುದುಕ ಡೊಳ್ಳನ್ನು ಪಕ್ಕಕ್ಕೆ ಸರಿಸಿದ. "ಪೆಂಟಮ್ಮಗ ಹೇಳಿಯೇನು?"

"ಇಲ್ಲ. ಹೇಳ್ತೀನಿ. ಠಾಣೆಗೂ ಹೋಗಿ ಹೇಳ್ತೀನಿ, ಏನಾದ್ರೂ ಆಗಲಿ. ಆದ್ರ ನನ್ನ ಮಾತ ಯಾರೂ ನಂಬಂಗಿಲ್ಲ ತಾತ. ನೀವು ಒಂದು ಮಾತು ಹೇಳ್ರಿ ಇದರಾಗ. ಇದು ನಮ್ಮ ಭಂಡಾರ ಅಲ್ಲ, ಮುಟ್ಟಬ್ಯಾಡ್ರಿ, ಪೆಂಟಮ್ಮ ಬೇಡಿಲ್ಲ ಅಂತ. ಹೊತ್ತು ಮುಳುಗೂದರಾಗ ಎಲ್ಲಾ ಊರಿಗೆ ಮುಟ್ಟಸ್ತೀನಿ."

"ನಾ ಇವತ್ತ ಮುಟ್ಟಬ್ಯಾಡ್ರಿ ಅಂತ ಹೇಳ್ತೀನಿ ಅಂತಿಟ್ಟುಕೋ. ಆ ದನಿ ಮತ್ತ ಅವರ ಕೈಗೆ ಹೋಗಂಗಿಲ್ಲೇನು?"

ಅಂಜನಕುಮಾರ ಫೋನನ್ನು ಕೈಯಲ್ಲಿ ತಿರುಗಿಸಿದ.

"ಹೇಳೋ. ನಿನಗ ಗೊತ್ತೈತಿ."

"ಹೋಗಬಹುದು."

"ಅದನ್ನ ಕೊಯ್ದು, ಹಳೇದು ಸುಳ್ಳು, ಈಗ ಬರೂದು ಖರೇ ಭಂಡಾರ, ಇದನ್ನ ತಗೊಳ್ರಿ ಅಂತ ನನ್ನ ಬಾಯಿಂದನ ಹೇಳಸಾಕ ಬರ್ತೈತೋ ಇಲ್ಲೋ?"

ಬರುತ್ತದೆ. ಮೇಸ್ತ್ರಿಯಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದ. ಆ ಮೂರು ಸಾಲನ್ನು ಹೇಗೆ ಬರೆಯಬೇಕೆಂಬುದು ಕೂಡ ಅಂಜನಕುಮಾರನ ತಲೆಯೊಳಗೆ, ಅವನು ಬೇಡವೆಂದರೂ, ಆಗಲೇ ಕೂಡಿಕೊಳ್ಳುತ್ತಿತ್ತು.

"ಬರ್ತೈತಿ ತಾತ. ಆದ್ರ ಇವತ್ತಿನ ಮಂದಿಯಾದ್ರೂ ಉಳೀತಾರ. ಬಸ್ಸಿನಾಗ ಈಗ ಒಬ್ಬಾಕಿ ನನ್ನ ಕಣ್ಣ ಮುಂದನ ತಗೊಂಡ್ಲು."

"ನೀ ಏನಂದಿ ಆಕಿಗೆ?"

ಜಂಬಪ್ಪ ಉತ್ತರಕ್ಕೆ ಕಾಯಲಿಲ್ಲ. ಗೋಡೆ ಹಿಡಿದು ಎದ್ದು, ಮೂಲೆಯ ಕೋಲು ತೆಗೆದುಕೊಂಡ.

"ನಾ ಹೋಗ್ತೀನಿ. ಮಕ್ತಲಕ್ಕ ಮೊದಲು, ಪೆಂಟಮ್ಮನ ಜೋಡಿ ನಿಂತು ಹೇಳ್ತೀನಿ. ಆಮ್ಯಾಲ ಉಟ್ಕೂರು, ಕೃಷ್ಣಾ ಸ್ಟೇಶನ್ನು, ಐಜ. ಕಟ್ಟೀಮ್ಯಾಲ ಕುಂತು, ಒಬ್ಬೊಬ್ಬರ ಮಾರಿ ನೋಡಿ ಹೇಳ್ತೀನಿ. ನನ್ನ ಮುಂದ ಕುಂತು ಕೇಳಿದಾವಗ ಅನುಮಾನ ಇರಂಗಿಲ್ಲ."

"ಈ ಕಾಲಿನಾಗ? ನೀವು ಐಜ ಮುಟ್ಟೂದರಾಗ ಎಷ್ಟು ಮನಿ ಹೋಗ್ತಾವೋ ತಾತ! ಕುರಿ ಹೊಡಕೊಂಡು ಹೊಳಿ ಆಚೆ ಹೋದವರಿಗೆ ಯಾವಾಗ ಹೇಳ್ತೀರಿ? ಅವರ ಕೈಯಾಗ ಇರೂದು ಬರೇ ಫೋನು. ಅವರು ಹಾಳಾಗಲೇನು?"

ಮುದುಕನ ಕಣ್ಣು ತುಂಬಿದವು. ಅವನಿಗೂ ಅದು ತಿಳಿದಿತ್ತು. ಅಂಜನಕುಮಾರ ಅದನ್ನು ಅವನ ಮುಖದಲ್ಲಿ ಕಂಡ. ಕಂಡೇ, ಇನ್ನೊಂದು ಹೆಜ್ಜೆ ಮುಂದಿಟ್ಟು, ರೆಕಾರ್ಡಿನ ಕೆಂಪು ಚುಕ್ಕೆ ಒತ್ತಿ, ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದ.

"ಕಾಲು ಹಿಡೀತೀನಿ ತಾತ. ಒಂದ ಮಾತು."

ಜಂಬಪ್ಪ ತುಟಿ ಬಿಗಿಹಿಡಿದು ನಿಂತ. ಅಂಗೈಯಿಂದ ಫೋನನ್ನು ಮುಚ್ಚಿದ, ಕೆಳಗೆ ಒತ್ತಿದ, ಅಂಜನಕುಮಾರ ಚುಕ್ಕೆ ಆರಿಸುವವರೆಗೆ ಅವನ ಕೈಯನ್ನು ಹಾಗೇ ಹಿಡಿದಿದ್ದ. ಆಮೇಲೆ ಬಾಯಿ ತೆರೆದ.

"ಇಲ್ಲ. ನನ್ನ ದನಿ ಇನ್ನ ಅದರಾಗ ಕೊಡಂಗಿಲ್ಲ."